ಕಂಪ್ಯೂಟರಿನ ಪೂಜಾ ರಜೆ

ಯಂತ್ರಗಳ ಮುಂದೆ ನಾನು ಮಹಾ ಪುಕ್ಕಲ. ಲಿಫ್ಟಿನೊಳಗೆ ಕಾಲಿಡುವಾಗಲೂ ಮನಸ್ಸಿನಲ್ಲೇ ಅದಕ್ಕೊಂದು ನಮಸ್ಕಾರ ಹಾಕುತ್ತೇನೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರು ಎಲ್ಲದರ ಜೊತೆಗೂ ನನ್ನದು ಭಯಭಕ್ತಿಯ ಸಂಬಂಧವೇ. ಇಂಥವನು ಆಯುಧಪೂಜೆಯನ್ನು ಬಿಟ್ಟಾನೆಯೇ? ಕೇಂದ್ರ ಸರ್ಕಾರದ ನೌಕರಿ ನನ್ನನ್ನು ಮೈಸೂರಿನಿಂದ ಎತ್ತಿ ತಂದು ಕೊಲ್ಕತ್ತಾದ ಬೆಹಾಲಾದಲ್ಲಿ ನೆಟ್ಟು ಎಷ್ಟೋ ವರ್ಷಗಳಾದವು. ಆದರೂ ನವಮಿಯ ದಿನ ನಮ್ಮ ಮನೆಯ ಕಂಪ್ಯೂಟರಿಗೆ ಕುಂಕುಮ, ಚೆಂಡುಹೂವು, ನನ್ನ ಕೈಯಿಂದಲೇ ಧಾರಾಳವಾಗಿ ಅಕ್ಷತೆ, ಇವು ಒಮ್ಮೆಯೂ ತಪ್ಪಿಲ್ಲ.

ಇಲ್ಲಿಯವರು ಯಂತ್ರಗಳ ಪೂಜೆಯನ್ನು ದುರ್ಗೆ ಬರುವ ಮುಂಚೆಯೇ ವಿಶ್ವಕರ್ಮನ ಹೆಸರಿನಲ್ಲಿ, ಗಾಳಿಪಟ ಹಾರಿಸಿ, ಮುಗಿಸಿಬಿಡುತ್ತಾರೆ. ಪುಸ್ತಕಗಳಿಗೆ ಸರಸ್ವತಿ ಪೂಜೆ ಬೇರೆಯೇ ಇದೆ. ಅಂದು ಓದಿದರೆ ದೇವಿಗೆ ಸಿಟ್ಟು ಬರುತ್ತದೆ ಎಂಬುದನ್ನು ಇಲ್ಲಿನ ಮಕ್ಕಳು ಬಲು ನಿಷ್ಠೆಯಿಂದ ನಂಬುತ್ತಾರೆ. ನನಗೆ ಅನ್ನಿಸುವುದಿಷ್ಟು: ದೇವರು ಒಂದು ನೆಪ. ದಿನಾ ದುಡಿಯುವ ವಸ್ತುವನ್ನು ಒಂದು ದಿನ ಮುಟ್ಟದೆ, ಅದರ ಪಾಡಿಗೆ ಅದನ್ನು ಬಿಟ್ಟು, ಎದುರು ಕೂತು ಸುಮ್ಮನೆ ನೋಡಲಿ ಎಂದು ಯಾರೋ ಹಿರಿಯರು ಹೂಡಿದ ಉಪಾಯವಿದು. ಕತ್ತಿಗೂ ಬೇಜಾರಾಗುತ್ತದೆ, ಪೆನ್ನಿಗೂ ಆಗುತ್ತದೆ. ಈ ಸಲ ನಮ್ಮ ಕಂಪ್ಯೂಟರಿಗೆ ರಜೆ ಹೆಚ್ಚೇ ಹಿಡಿಸಿಬಿಟ್ಟಿತು.

ವಿಜಯದಶಮಿಯ ಬೆಳಿಗ್ಗೆ ಹೂವು ತೆಗೆದು ಗುಂಡಿ ಒತ್ತಿದೆ. ಫ್ಯಾನು ಗುಂಯ್‌ಗುಟ್ಟಿತು, ದೀಪ ಹೊತ್ತಿತು. ಆದರೆ ದಿನಾ ಕಾಣುವ ಪರದೆಯ ಬದಲು ಬಂದದ್ದು ಒಂದು ನೀಲಿ ಹಾಳೆ, ಅದರ ತುಂಬಾ ಇಂಗ್ಲಿಷು. ಅದರಿಂದ ಹೊರಗೆ ಬಂದರೆ ಫ್ಯಾನು ಮತ್ತೆ ಗುಂಯ್‌ಗುಟ್ಟಿ ಮತ್ತದೇ ನೀಲಿ ಹಾಳೆ. ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು, ಪಕ್ಕದಲ್ಲಿ ಅದರ ಮೈಬಿಸಿ ಎಷ್ಟೆಂದು ಬರೆದಿತ್ತು. ಪಾಪ, ಅದಕ್ಕೆ ಹೊತ್ತು ಗೊತ್ತು, ತನ್ನ ಜ್ವರ ಗೊತ್ತು, ತಾನು ಯಾರೆಂಬುದೊಂದು ಮರೆತುಹೋಗಿದೆ. ಹೊರಗೆ ಪೆಂಡಾಲಿನಿಂದ ಢಾಕ್ ಡೋಲಿನ ಸದ್ದು ತೇಲಿ ಬರುತ್ತಿತ್ತು. ಆ ನೀಲಿಯನ್ನೇ ನೋಡುತ್ತಾ ಕೂತವನಿಗೆ ಕೆರೆಯ ದಡದಲ್ಲಿ ಕೂತಂತೆ ಮಂಪರು ಹತ್ತಿತು.

"ರೀ, ನಿದ್ದೆ ಹೊಡೀತಿದ್ದೀರಾ?" ಎಂದಳು ಹೆಂಡತಿ ಶಾರದೆ. "ಅತ್ತೆ ದನಿ ಇರೋದು ಅದ್ರಲ್ಲೇ ಅಲ್ವಾ?"

ಮಂಪರೆಲ್ಲ ಹಾರಿಹೋಯಿತು.

ಹೌದು, ಅಮ್ಮನ ದನಿ ಇದ್ದದ್ದು ಅದರಲ್ಲಿ ಮಾತ್ರ. ಅಮ್ಮ ಕೊನೆಯ ಕೆಲವು ವರ್ಷ ನಮ್ಮ ಜೊತೆ ಇಲ್ಲಿದ್ದಳು. ಮಗಳು ಮೈಥಿಲಿ ಆಗಿನ್ನೂ ಪುಟ್ಟವಳು. ಇಡೀ ಪಾಡಾಕ್ಕೆ, ಅಂದರೆ ನಮ್ಮ ಕೇರಿಗೆ, ಅವಳು ಮಿಠು, ಅಮ್ಮನಿಗೆ ಮಾತ್ರ ಮೈಥಿಲಿ. ಅಜ್ಜಿಯ ಜೊತೆ ಅರಳು ಹುರಿದಂತೆ ಕನ್ನಡ ಮಾತಾಡುತ್ತಿದ್ದ ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೋ ಬಂಗಾಳಿಯಲ್ಲೋ ಉತ್ತರ ಕೊಟ್ಟು ಕಿವಿಗೆ ತಂತಿ ಸಿಕ್ಕಿಸಿಕೊಳ್ಳುತ್ತಾಳೆ. ಅವರಿಬ್ಬರ ಮಾತನ್ನು ಒಂದು ಮಧ್ಯಾಹ್ನ ನಾನು ಈ ಯಂತ್ರದಲ್ಲಿ ಹಿಡಿದಿಟ್ಟಿದ್ದೆ. ಇನ್ನೊಂದು ಕಡೆಯೂ ಇಡಬೇಕು, ನಾಳೆ ಇಡೋಣ ಎನ್ನುತ್ತಲೇ ಬಂದವನು ನಾನು.

ಗರಿಯಾಹಾಟಿನ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ಡಿಸ್ಕ್ ಹೋಗಿರಬಹುದು. ಪುಜೋರ್ ಪೊರೆ, ದಾದಾ" ಎಂದ ಅಂಗಡಿಯವನು. ಪೂಜೆ ಮುಗಿದ ಮೇಲೆ ಬನ್ನಿ ಎಂದರ್ಥ. ಈ ಊರಿನಲ್ಲಿ ಪೂಜೆ ಯಾವಾಗ ಮುಗಿಯುತ್ತದೆಂದು ಬಲ್ಲವರಿಲ್ಲ. ದುರ್ಗೆ ಹೋದರೆ ಲಕ್ಷ್ಮಿ, ಲಕ್ಷ್ಮಿ ಹೋದರೆ ಕಾಳಿ. ಸಂಜೆ ಸಂದೇಶ ಎಂಬ ಸಿಹಿಯ ಡಬ್ಬಿ ಹಿಡಿದು ವಿಜಯದಶಮಿಯ ಬಿಜೋಯಾ ಶುಭಾಶಯ ಹೇಳಲು ಬಂದ ಮೇಲಿನ ಮನೆಯ ಬೋಸ್‌ಬಾಬು ನೀಲಿ ಪರದೆಯನ್ನು ನೋಡಿ, "ಆರೇ, ಇಸ್ಕೋ ಭೀ ಛುಟ್ಟಿ ದೀಜಿಯೇ!" ಎಂದು ನಕ್ಕರು, ಅದಕ್ಕೂ ರಜೆ ಕೊಡಬೇಕಂತೆ. ನಾನು ಸಂದೇಶದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ.

ಮಾರನೆಯ ದಿನ ಧೈರ್ಯ ಮಾಡಿ ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಧೂಳು ಒರೆಸಿದೆ. ಮೆಮೊರಿಯ ಪಟ್ಟಿಯನ್ನು ಹೊರಗೆಳೆದು, ಯಾರೋ ಹೇಳಿದ್ದು ನೆನಪಾಗಿ, ರಬ್ಬರಿನಿಂದ ಅದರ ಹಲ್ಲುಜ್ಜಿದೆ. ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ನೀಲಿ ಹಾಳೆ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಕೊನೆಗೆ ಸಿಟ್ಟು ತಿರುಗಿದ್ದು ಮಗಳ ಮೇಲೆ.

"ಎಲ್ಲಾ ನಿನ್ನ ಝಾಲ್‌ಮುಡಿ ಪ್ರಭಾವ. ಇದರ ಮುಂದೆ ಕೂತ್ಕೊಂಡು ಮಂಡಕ್ಕಿ ತಿನ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!"

"ಅಪ್ಪಾ, ದಟ್ಸ್ ನಾಟ್ ಫೇರ್!" ಮಿಠುವಿನ ಕಣ್ಣಲ್ಲಿ ನೀರಾಡಿತು. "ಅಜ್ಜಿ ವಾಯ್ಸ್ ನಂಗೂ ಬೇಕು."

ಇಷ್ಟು ವರ್ಷ ಅವಳು ಆ ದನಿಯನ್ನು ಹಾಕಿಕೊಂಡು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಆಡಿದ ಮಾತಿಗೆ ನಾಚಿಕೆಯಾಯಿತು.

ಅವಳು ಮೂಗೆಳೆದುಕೊಳ್ಳುತ್ತಾ ಎದುರು ಕೂತು ಕೀಬೋರ್ಡಿನ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. "ಅಪ್ಪ, ಈ ಡಿಲೀಟ್ ಕೀ ಮೇಲೇನೇ ಬರ್ತಿಲ್ಲ." ಎಂದವಳೇ ಕೀಬೋರ್ಡನ್ನು ಬೋರಲು ಹಾಕಿ ಬೆನ್ನಿಗೆ ತಟ್ಟಿದಳು. ಮೇಜಿನ ಮೇಲೆ ಮಂಡಕ್ಕಿಯ ಚೂರುಗಳು ಉದುರಿದವು. ನಾನು ಗೆದ್ದೆ ಎಂದುಕೊಂಡೆ. ಕೀಲಿ ಮಾತ್ರ ಕೂತಲ್ಲೇ ಕೂತಿತ್ತು. ಅವಳು ಇನ್ನೊಮ್ಮೆ ತಟ್ಟಿದಳು. ಟಣ್ ಎಂದು ಅರಿಶಿನ ಮೆತ್ತಿದ ಒಂದು ಅಕ್ಕಿಕಾಳು ಬಿತ್ತು. ಕೀಲಿ ಟಪಕ್ಕನೆ ಮೇಲೆದ್ದಿತು.

ಶಾರದೆ, ಮಗಳು ಇಬ್ಬರೂ ನನ್ನ ಮುಖ ನೋಡಿದರು. ನಾನು ಚಾವಣಿ ನೋಡಿದೆ.

ಆ ಕೀಲಿ ಒತ್ತಿಕೊಂಡೇ ಇದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗದೆ ನೀಲಿ ಹಾಳೆಯ ಬಾಗಿಲಲ್ಲೇ ನಿಲ್ಲುತ್ತದಂತೆ, ಮಿಠು ವಿವರಿಸಿದಳು. ನನ್ನ ತಲೆಗೆ ಹೋದದ್ದು ಇಷ್ಟೇ: ನನ್ನ ಆಶೀರ್ವಾದದ ಭಾರಕ್ಕೆ ಅದು ಏಳಲಾರದೆ ಮಲಗಿತ್ತು. ಈ ಸಲ ಗುಂಡಿ ಒತ್ತಿದ ಕೂಡಲೇ ಪರದೆ ತೆರೆದುಕೊಂಡಿತು, ಏನೂ ಆಗೇ ಇಲ್ಲವೆಂಬಂತೆ. ಶಾರದೆ ಕಣ್ಣೊರೆಸಿಕೊಂಡು, "ಮೊದ್ಲು ಅದನ್ನ ಹಾಕಿ" ಎಂದಳು.

ಹಾಕಿದೆ. ಪುಟ್ಟ ಮೈಥಿಲಿ ಲೇಕ್ ಮಾರ್ಕೆಟ್ಟಿನಲ್ಲಿ ಕಂಡ ಕಾಗೆಯ ಕತೆ ಹೇಳುತ್ತಿದ್ದಾಳೆ. ಕಾಗೆ ಅಂಗಡಿಯಿಂದ ಹಪ್ಪಳ ಕದ್ದಿದೆ. ನಡುವೆ ಸಣ್ಣಗೆ ಅಮ್ಮನ ಗೊರಕೆ. "ಅಜ್ಜೀ, ಎದ್ದೇಳು! ನಾನಿನ್ನೂ ಪೂರ್ತಿ ಹೇಳಿಲ್ಲ!" ಆಮೇಲೆ ಅಮ್ಮನ ದನಿ, ನಿದ್ದೆಯ ಆಚೆ ದಡದಿಂದ: "ಎದ್ದೇ ಇದ್ದೀನಮ್ಮ. ಕಣ್ಮುಚ್ಕೊಂಡು ಕೇಳ್ತಿದ್ದೀನಿ. ಆಮೇಲೆ ಕಾಗೆ ಏನ್ಮಾಡ್ತು?"

ಅಲ್ಲಿಗೆ ನಿಂತುಹೋಗುತ್ತದೆ. ಮಗು ಏನು ಹೇಳಿತೆಂಬುದು ಅದರಲ್ಲಿಲ್ಲ, ನನಗೂ ನೆನಪಿಲ್ಲ.

ಮಿಠು ಪರದೆಯ ಕಡೆ ಬಗ್ಗಿ, ಒಂದೊಂದೇ ಪದ ಹುಡುಕುತ್ತಾ ಮೆಲ್ಲಗೆ ಹೇಳಿದಳು: "ಕಾಗೆ ಹಪ್ಪಳ ತಿಂದಿಲ್ಲ, ಅಜ್ಜಿ. ಇಟ್ಕೊಂಡು... ಕೂತಿದೆ."

ಅಂದೇ ಪೆನ್‌ಡ್ರೈವಿಗೆ ಒಂದು, ಮಗಳ ಫೋನಿಗೆ ಒಂದು, ಅಮ್ಮನ ದನಿಯ ಪ್ರತಿ ತೆಗೆದಿಟ್ಟೆ. ಮಗಳು ಕೊಟ್ಟ ಕಾಗೆಯ ಉತ್ತರ ಮಾತ್ರ ಯಾವುದರಲ್ಲೂ ಇಲ್ಲ. ಅದನ್ನು ನಾನೇ ಇಟ್ಟುಕೊಂಡು ಕೂತಿದ್ದೇನೆ.