ನಡುವಿನ ತೋಪು

ಇಂಥ ಕಥೆ ಹೇಳುವವರನ್ನು ಕಿಚಾಯಿಸುವುದರಲ್ಲಿ ನಾನು ಎತ್ತಿದ ಕೈ. ಯಾರಾದರೂ ‘ಒಂದು ವಿಚಿತ್ರ ಆಯಿತು ನೋಡಿ’ ಎಂದು ಶುರು ಮಾಡಿದರೆ, ‘ಅವತ್ತು ಊಟಕ್ಕೆ ಏನಿತ್ತು?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಅಳತೆಗೆ ಸಿಗದ್ದನ್ನು ನಂಬುವುದು ನನ್ನ ಜಾಯಮಾನವಲ್ಲ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

2013ರ ಸುಮಾರಿನ ಮಾತು. ನಾವಾಗ ಅಮೆರಿಕದ ಸಿಯಾಟಲ್ ಹತ್ತಿರದ ಫ್ಯಾಕ್ಟೋರಿಯಾದಲ್ಲಿದ್ದೆವು. ಶನಿವಾರ ಬಂತೆಂದರೆ ನಾನು ಸಿಯಾಟಲ್‌ನಲ್ಲಿ ಫೆರಿ ಹತ್ತಿ, ಆಚೆ ದಡದ ಊರಿನ ಒಂದು ಪುಟ್ಟ ನೌಕಾ ಮ್ಯೂಸಿಯಮ್ಮಿಗೆ ಬಿಟ್ಟಿ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದೆ. ಹುಬ್ಬಳ್ಳಿಯವಳಾದ ನನ್ನ ಹೆಂಡತಿ ಸುಮ್ಮನಿರುತ್ತಾಳೆಯೇ? “ಮನ್ಯಾಗಿನ ಮಿಕ್ಸರ್ ಕೆಟ್ಟು ತಿಂಗಳಾತು. ನೀವು ಅಲ್ಲಿ ತೋಪು ರಿಪೇರಿ ಮಾಡಾಕ ಹೊಂಟೀರಿ!” ಎನ್ನುತ್ತಿದ್ದಳು. ಅವಳ ಮಾತು ಸುಳ್ಳೇನಲ್ಲ.

ಆ ತೋಪು ನಿಜವಾದದ್ದಲ್ಲ, ಮಾದರಿ. ಅದನ್ನು ಕಟ್ಟಿದವರು ಹ್ಯಾರಿ, ತೊಂಬತ್ತು ದಾಟಿದವರು. ಎರಡನೇ ಮಹಾಯುದ್ಧಕ್ಕೆ ಮುಂಚೆ ಕ್ರೂಸರ್ ಎಂಬ ಜಾತಿಯ ಯುದ್ಧನೌಕೆಯಲ್ಲಿ ತೋಪು ಹಾರಿಸುತ್ತಿದ್ದವರು. ಆ ಸದ್ದಿಗೇ ಕಿವಿ ಹೋಗಿತ್ತು. ಮೇಜಿನ ಮೇಲೆ ಅಂಗೈ ಊರಿ, ಯಂತ್ರ ಅದುರುವ ಬಗೆಯಿಂದಲೇ ಅದರ ಆರೋಗ್ಯ ಹೇಳುತ್ತಿದ್ದರು. ನಾನೂ ಅವರಿಂದ ಆ ಅಭ್ಯಾಸ ಕಲಿತಿದ್ದೆ. ಮನಸ್ಸಿನಲ್ಲೇ ಅವರನ್ನು ಅಜ್ಜ ಎಂದು ಕರೆಯುತ್ತಿದ್ದೆ.

ಅಜ್ಜ ಹೇಳುತ್ತಿದ್ದ ಪ್ರಕಾರ, ದೇಶಗಳ ನಡುವಿನ ಒಪ್ಪಂದದಿಂದಾಗಿ ಆ ಕಾಲದ ಕ್ರೂಸರುಗಳು ಹತ್ತು ಸಾವಿರ ಟನ್ ಮೀರುವಂತಿರಲಿಲ್ಲ. ತೋಪಿನ ಬಾಯಿ ಮಾತ್ರ ಎಂಟು ಅಂಗುಲದ್ದೇ ಬೇಕು. ತೂಕ ಉಳಿಸಲು ಮೂರು ತೋಪುಗಳನ್ನು ಒಂದೇ ಚೌಕಟ್ಟಿನಲ್ಲಿ ಒತ್ತೊತ್ತಾಗಿ ಕೂರಿಸಿದ್ದರಂತೆ. ಅವರ ಮಾದರಿಯೂ ಹಾಗೆಯೇ ಇತ್ತು. ಗಾಳಿಯ ಒತ್ತಡದಿಂದ ಮೂರು ಹಗುರ ಚೆಂಡುಗಳನ್ನು ಹಾರಿಸಿ, ಕೋಣೆಯ ಇನ್ನೊಂದು ತುದಿಯ ಮರಳಿನ ತಟ್ಟೆಯಲ್ಲಿ ಬೀಳಿಸುತ್ತಿತ್ತು. ನೋಡಲು ಬರುವ ಮಕ್ಕಳಿಗೆ ಅದೆಂದರೆ ಪ್ರಾಣ.

ಅದನ್ನು ಕೆಡಿಸಿದವನು ನಾನು. ಗಾಳಿ ಬಿಡುವ ಮೂರು ಹಿತ್ತಾಳೆ ಚಕ್ರಗಳಲ್ಲಿ ನಡುವಿನದರ ಅಂಚು ಸವೆದಂತೆ ಕಂಡಿತು. ಅದರಿಂದ ನಡುವಿನ ತೋಪು ಒಂದು ಚೂರು ತಡವಾಗಿ ಹಾರುತ್ತಿತ್ತು. ಹಳೆಯ ಯಂತ್ರದ ದೋಷ ಎಂದುಕೊಂಡೆ. ಅಜ್ಜನನ್ನು ಒಂದು ಮಾತು ಕೇಳದೆ ಮೂರನ್ನೂ ಕಿತ್ತು, ಒಟ್ಟಿಗೇ ತೆರೆಯುವ ಎಲೆಕ್ಟ್ರಿಕ್ ವಾಲ್ವುಗಳನ್ನು ಹಾಕಿದೆ. ಅಂದಿನಿಂದ ಚೆಂಡುಗಳು ದಿಕ್ಕಾಪಾಲು. ಹೋಗಿ ಕೇಳೋಣವೆಂದರೆ, ಅದೇ ವಾರ ಅಜ್ಜನಿಗೆ ಸ್ಟ್ರೋಕ್ ಆಯಿತು. ಸಿಯಾಟಲ್‌ನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದರು.

ಆ ಭಾನುವಾರ ಮ್ಯೂಸಿಯಮ್ಮಿನ ಸಮಿತಿಯವರು ಬರುವವರಿದ್ದರು. ತೋಪು ಸರಿಯಾಗದಿದ್ದರೆ ಅದನ್ನು ಉಗ್ರಾಣಕ್ಕೆ ಹಾಕಿ ಅಲ್ಲೊಂದು ಟಚ್‌ಸ್ಕ್ರೀನ್ ಇಡುವುದೆಂದು ತೀರ್ಮಾನವಾಗಿತ್ತು. ಅಜ್ಜನ ಮಗಳು ನ್ಯಾನ್ಸಿ ಫೋನ್ ಮಾಡಿ, “ಅಪ್ಪ ಕಣ್ಣು ಬಿಟ್ಟರೆ ಮೊದಲು ಕೇಳೋದು ಅದನ್ನೇ. ತೆಗೆದುಬಿಟ್ರು ಅಂತ ನಾನು ಹೇಗೆ ಹೇಳಲಿ?” ಎಂದರು.

ಶನಿವಾರ ಬೆಳಗಿನಿಂದ ಒಬ್ಬನೇ ಕೂತು, ಮೂರು ವಾಲ್ವುಗಳೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ತೆರೆಯುವಂತೆ ತಿದ್ದಿದೆ. ತಿದ್ದಿದಷ್ಟೂ ಕೆಟ್ಟಿತು. ಮಧ್ಯಾಹ್ನ ಎರಡೂವರೆಗೆ ಬೇಸತ್ತು ಎಲ್ಲ ಸ್ವಿಚ್ ಆರಿಸಿ, ಮೇಜಿನ ಮೇಲೆ ಅಂಗೈ ಊರಿ ಕೂತೆ.

ಆಗ ಅಂಗೈಗೆ ಬಡಿತ ತಾಗಿತು. ಎರಡು ಒಟ್ಟಿಗೆ, ಚೂರು ಬಿಟ್ಟು ಇನ್ನೊಂದು. ಮತ್ತೆ ಹಾಗೆಯೇ. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದೆ, ಗೋಡೆಯ ಪೈಪುಗಳನ್ನು ಮುಟ್ಟಿ ನೋಡಿದೆ. ಎಲ್ಲ ತಣ್ಣಗಿದ್ದವು. ಮತ್ತೆ ಕೈಯಿಟ್ಟೆ: ಎರಡು, ಆಮೇಲೆ ಒಂದು. ನಿಜ ಹೇಳುತ್ತೇನೆ, ಎದ್ದು ಓಡುವ ಮನಸ್ಸಾದರೂ, ಮರುಕ್ಷಣ ಆ ಕಿತ್ತೆಸೆದ ಚಕ್ರ ಕಣ್ಣಮುಂದೆ ಬಂತು. ಅದು ಸವೆದದ್ದಲ್ಲ, ಬೇಕೆಂದೇ ಅರದಿಂದ ಉಜ್ಜಿದ್ದು! ಅಕ್ಕಪಕ್ಕದ ಎರಡು ಒಟ್ಟಿಗೆ, ನಡುವಿನದು ತುಸು ತಡ.

ಮತ್ತೆ ಸ್ವಿಚ್ ಹಾಕಿ, ವಾಲ್ವುಗಳನ್ನು ನಡೆಸುವ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಬದಲಿಸಿ ಹಾರಿಸಿದೆ. ಮೂರು ಚೆಂಡುಗಳೂ ಮರಳಿನಲ್ಲಿ ಒಂದರ ಪಕ್ಕ ಒಂದು ಬಿದ್ದವು. ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಮೇಜಿಗೆ ಕೈಯಿಟ್ಟರೆ ಏನೂ ಇಲ್ಲ. ಆಮೇಲೆ ಓದಿ ತಿಳಿದುಕೊಂಡೆ: ಒತ್ತೊತ್ತಾಗಿ ಹಾರುವ ಗುಂಡುಗಳು ಒಂದನ್ನೊಂದು ಅಲುಗಿಸಿ ದಾರಿ ತಪ್ಪಿಸುತ್ತಿದ್ದವಂತೆ. ನಿಜವಾದ ಹಡಗುಗಳಲ್ಲೂ ನಡುವಿನ ತೋಪನ್ನು ಕ್ಷಣದ ಒಂದು ಚೂರಿನಷ್ಟು ತಡವಾಗಿ ಹಾರಿಸಿಯೇ ಅದನ್ನು ಸರಿಪಡಿಸಿದ್ದರು.

ಸಂಜೆ ಫೆರಿಯಿಂದ ನ್ಯಾನ್ಸಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. “ಇವತ್ತು ಊಟದ ಹೊತ್ತಿಂದ ಅಪ್ಪ ಕಣ್ಣು ಮುಚ್ಕೊಂಡೇ ಬೆರಳಲ್ಲಿ ಮಂಚದ ಕಂಬಿ ಬಡೀತಾನೇ ಇದ್ರು. ಎರಡು ಸಲ, ಆಮೇಲೆ ಒಂದು ಸಲ. ನರ್ಸ್ ಕೈ ಹಿಡಿದ್ರೂ ಬಿಡಲಿಲ್ಲ. ಮೂರು ಗಂಟೆ ಮೇಲೆ ತಾವಾಗೇ ನಿಲ್ಲಿಸಿ, ನೆಮ್ಮದಿಯಾಗಿ ನಿದ್ದೆ ಹೋದ್ರು.”

ನೀವು ಹೇಳಬಹುದಾದದ್ದನ್ನೆಲ್ಲ ನಾನೇ ನನಗೆ ಹೇಳಿಕೊಂಡಿದ್ದೇನೆ. ಆ ಚಕ್ರದ ನೆನಪು ನನ್ನ ತಲೆಯೊಳಗೇ ಇತ್ತು, ತಪ್ಪು ಮಾಡಿದವನ ಮನಸ್ಸು ಅದನ್ನು ಎತ್ತಿ ತೋರಿಸಿತು ಎಂದು. ಇರಬಹುದು. ಆದರೆ ಆಸ್ಪತ್ರೆಯ ಆ ಬೆರಳಿಗೆ ಏನು ಹೇಳಲಿ?

ತೋಪು ಉಗ್ರಾಣ ಸೇರಲಿಲ್ಲ. ಅಜ್ಜ ಮರುದಿನವೇ ಕಣ್ಣು ಬಿಟ್ಟರು. ಎರಡು ತಿಂಗಳಾದ ಮೇಲೆ ಗಾಲಿಕುರ್ಚಿಯಲ್ಲಿ ಮ್ಯೂಸಿಯಮ್ಮಿಗೇ ಬಂದರು. ಅವರಿಗೆ ಕಿವಿ ಕೇಳಿಸುವುದಿಲ್ಲವಲ್ಲ, ನನ್ನ ತಪ್ಪನ್ನೆಲ್ಲ ಚೀಟಿಯಲ್ಲಿ ಬರೆದು ಕೊಟ್ಟೆ. ಕೊನೆಯಲ್ಲಿ, ಆ ಶನಿವಾರದ್ದೇನಾದರೂ ನೆನಪಿದೆಯೇ ಎಂದೂ ಬರೆದಿದ್ದೆ.

ಅಜ್ಜ ನಿಧಾನವಾಗಿ ಓದಿದರು. “ಆಸ್ಪತ್ರೇದು ಏನೂ ನೆನಪಿಲ್ಲಪ್ಪ,” ಎಂದರು. “ಯಾವನೋ ಒಬ್ಬ ಮೊದ್ದು ಹುಡುಗನಿಗೆ ಒಂದೇ ಪಾಠ ಹೇಳಿ ಹೇಳಿ ಸಾಕಾಗಿತ್ತು. ಅಷ್ಟೇ ನೆನಪು.”

ಆ ಮೊದ್ದು ಹುಡುಗನಿಗೆ ಆಗ ನಲವತ್ತೊಂದು ವರ್ಷ. ಪಾಠ ಹೇಗೆ ತಲುಪಿತೆಂದು ಕೇಳಿದರೆ ಇವತ್ತಿಗೂ ಹೇಳಲಾರ.