ಒಂದು ಕೂಗಳತೆಗೆ ಎಷ್ಟು ಮೀಟರ್?

"ಇಕ್ಕೇರಿಗೆ ಇದೇ ದಾರಿನಾ?" ಮಂಜಿನಲ್ಲಿ ನಾನು ಹೀಗೆ ಕೇಳಿದ್ದು ಅದು ಮೂರನೇ ಸಲ.

ಶಾಲೆಯ ಬಯಲಲ್ಲಿ ಅಳತೆ ಟೇಪು ಹಿಡಿದು ನಿಂತಿದ್ದ ಹುಡುಗಿ, "ದಾಟಿ ಬಂದ್ರಲ್ಲ ಅಕ್ಕ! ಹಿಂದೆ ಹೋಗಿ, ಹಾಲಿನ ಡೇರಿ ಹತ್ರ ಬಲಕ್ಕೆ ತಿರುಗಿ" ಎಂದಳು.

"ಥ್ಯಾಂಕ್ಸ್ ಕಣಮ್ಮ."

"ಥ್ಯಾಂಕ್ಸ್ ಬ್ಯಾಡ. ಒಂದ್ಸಲ ಜೋರಾಗಿ ಕೂಗಿ."

ಕೂಗಿದರೆ ಕೇಳಿಸುವಷ್ಟು ದೂರ, ಅಂದರೆ ಒಂದು ಕೂಗಳತೆ, ಎಷ್ಟು ಮೀಟರ್ ಎಂದು ಅವರ ತರಗತಿ ಅಳೆಯುತ್ತಿತ್ತು. ಶಾಲೆಯಿಂದ ತಮ್ಮ ಮನೆ ಒಂದೇ ಕೂಗಳತೆ ಎಂದು ಅಜ್ಜಿ ಹೇಳಿದ್ದನ್ನು ಈಕೆ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಆದರೆ ಮಕ್ಕಳ ಕೂಗು ಅರ್ಧ ದಾರಿಯಲ್ಲೇ ಮಂಜಿನಲ್ಲಿ ಕರಗುತ್ತಿತ್ತು. ಟೀಚರಿಗೆ ಗಂಟಲು ಕಟ್ಟಿತ್ತು.

"ನಿಮ್ಮಜ್ಜಿ ಬುರುಡೆ ಬಿಟ್ಟಿದಾರೆ ಕಣೇ" ಎಂದು ಗೆಳತಿಯರು ನಗುತ್ತಿದ್ದರು. ಹುಡುಗಿಯ ಕಣ್ಣು ತುಂಬಿತ್ತು.

ಊರೂರು ಸುತ್ತುವ ನನಗೆ ಮೆಲ್ಲಗೆ ಮಾತಾಡಿಯೇ ಅಭ್ಯಾಸ. ಕೂಗಿ ಎಷ್ಟೋ ವರ್ಷಗಳಾಗಿದ್ದವು.

"ಏನಂತ ಕೂಗ್ಲಿ?"

"ಅಜ್ಜೀ ಅಂತ."

ಕೂಗಿದೆ. ದನಿ ಬೆಳ್ಳನೆಯ ಬಯಲಿನಾಚೆ ತೇಲಿಹೋಯಿತು. ಬಹಳ ಹೊತ್ತಿನ ಮೇಲೆ, ಬೇರೆ ಲೋಕದಿಂದ ಬಂದಂತೆ ಸಣ್ಣಗೆ ಕೇಳಿಸಿತು: "ಓ... ಎಂತದೇ?"

ಹುಡುಗಿ ಟೇಪು ಎಳೆದುಕೊಂಡು ಆ ದನಿಯತ್ತ ಓಡಿದಳು.

ದಾರಿ ತೋರಿಸಿದ ಸಾಲ ಅಲ್ಲಿಗೆ ತೀರಿತು. ಬಡ್ಡಿಯನ್ನು ಮಾತ್ರ ನನ್ನ ಗಂಟಲು ಎರಡು ದಿನ ಕಟ್ಟಿತು.