ಮಿರ್ಚಿ ಕಾಕಾನ ಹತ್ತು ಬೆರಳು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ನನ್ನ ಮೇಲೆ ಸಿಟ್ಟಾಗುವುದು ಬೇಡ. ಒಬ್ಬ ಮನುಷ್ಯ ಇಂಗ್ಲೆಂಡಿನಲ್ಲಿದ್ದ ಹೆಂಡತಿಯ ಹತ್ತಿರ ಹೋಗಲು ತಿಂಗಳುಗಟ್ಟಲೆ ಕಾಗದ ಕೂಡಿಸಿದ್ದ. ಎಲ್ಲ ಕೂಡಿ, ವೀಸಾಕ್ಕೆ ಬೆರಳಚ್ಚು ಕೊಡುವುದೊಂದೇ ಬಾಕಿ, ಅದಕ್ಕೂ ಮೂರೇ ದಿನ ಅನ್ನುವಾಗ, ನಾನು ಒಂದು ದನಿ ತೆಗೆದು ಅವನ ನಾಲ್ಕು ಬೆರಳು ಸುಟ್ಟೆ.

ಇದೆಲ್ಲ ಈಗ ನೆನಪಾಗಲು ಕಾರಣ ಅಜವಾನದ ವಾಸನೆ. ಮೊನ್ನೆ ಸಿಂಧನೂರಿಗೆ ಹೋಗಿದ್ದೆ. ಸೀರೆ ಅಂಗಡಿಯ ಆಟೋ ಪ್ರಚಾರಕ್ಕೆ ನನ್ನ ದನಿ ಬೇಕಂತೆ. ನನ್ನ ಹೊಟ್ಟೆಪಾಡೇ ಅದು, ಮಂದಿಯ ದನಿ ಕದ್ದು ಮಾರುವುದು. ಸರ್ಕಲ್ ದಾಟುವಾಗ ಯಾರೋ ಕಾದ ಎಣ್ಣೆಗೆ ಮಿರ್ಚಿ ಬಿಟ್ಟರು. ಕಡ್ಲಿ ಹಿಟ್ಟು, ಅದರೊಳಗೆ ತುಸು ಅಜವಾನ... ನನ್ನ ಬಾಯಿ ತಾನಾಗಿ ತೆರೆದು ಕೂಗಿಬಿಟ್ಟಿತು: “ಲಿಂಗಸೂಗೂರ ಹೋಗಾವ್ರು ಒಂದ್ ಪ್ಲೇಟ್ ತಿನ್ರಿ, ಸಿಂಧನೂರ ಹೋಗಾವ್ರು ಎರಡ್ ಪ್ಲೇಟ್ ತಿನ್ರಿ.” ಮಿರ್ಚಿ ಕರಿಯುತ್ತಿದ್ದವನು ಇವನಿಗೇನಾಯಿತು ಅನ್ನುವಂತೆ ನೋಡಿದ. ಅದು ನನ್ನ ದನಿಯಲ್ಲ ಅಂತ ಅವನಿಗೆ ಹೇಗೆ ಹೇಳುವುದು? ಅದು ಮಿರ್ಚಿ ಕಾಕಾನ ದನಿ. ನನ್ನ ಗಂಟಲಲ್ಲಿ ಬಾಡಿಗೆಗಿದೆ.

ಮಸ್ಕಿ ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿ ಸಾವ್ಕಾರರ ಕಟ್ಟೆಗೆ ಹೊಂದಿ ಕಾಕಾನ ಬಂಡಿ ನಿಲ್ಲುತ್ತಿತ್ತು. ಮಂಡಾಳ ಅಂದರೆ ಮಂಡಕ್ಕಿ, ಅದರ ಒಗ್ಗರಣಿ ಮತ್ತು ಮಿರ್ಚಿ, ಬೇರೇನೂ ಇಲ್ಲ. ಬಳಗಾನೂರಿನ ಕಡೆ ನಾಟಿಗೆ ಹೋಗುವ ಹೆಣ್ಣುಮಕ್ಕಳಿಂದ ಹಿಡಿದು ಕೋರ್ಟು ಕಚೇರಿಗೆ ಹೋಗುವವರ ತನಕ ಎಲ್ಲರೂ ಅಲ್ಲಿ ನಿಂತು ತಿಂದೇ ಬಸ್ ಹತ್ತುತ್ತಿದ್ದರು. ಲಿಂಗಸೂಗೂರಿಗೆ ಹೋಗುವವರಿಗೆ ಮಾತ್ರ ಯಾಕೆ ಒಂದೇ ಪ್ಲೇಟು ಅಂತ ಒಮ್ಮೆ ಕೇಳಿದ್ದೆ. ಅದು ತನ್ನ ಮಾವನ ಊರು, ಅಲ್ಲಿಗೆ ಹೋಗುವವರಿಗೆ ಜಾಸ್ತಿ ತಿನ್ನಿ ಅನ್ನಲು ನಾಚಿಕೆ ಬರುತ್ತದೆ ಅಂದ.

ಆ ಮಾವನ ಮಗಳು, ಕಾಕಾನ ಹೆಂಡತಿ, ನರ್ಸು. ಊರಿಗೆಲ್ಲ ಸಿಸ್ಟರಕ್ಕ. ಸೂಜಿ ಚುಚ್ಚುವ ಮುಂಚೆ “ಇರಿವಿ ಕಡದಂಗ ಆಗತೈತಿ, ಅಷ್ಟ” ಅನ್ನುತ್ತಿದ್ದಳು. ಆ ಇರುವೆ ಎಷ್ಟು ದೊಡ್ಡದಿತ್ತು ಅಂತ ನನ್ನ ಸೊಂಟಕ್ಕೆ ಗೊತ್ತು. ಲಿಂಗಸೂಗೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಓದಿ, ಪರೀಕ್ಷೆ ಕಟ್ಟಿ, ಪಾಸಾಗಿ ಇಂಗ್ಲೆಂಡಿಗೆ ಹೋದಳು. ಕಾಕಾ ಮತ್ತು ಎಂಟು ವರ್ಷದ ಮಗಳು ಮಸ್ಕಿಯಲ್ಲಿ ಉಳಿದರು.

ದಿನಾ ಮಧ್ಯಾಹ್ನ ಮೂರಕ್ಕೆ ಆಕೆಯ ಫೋನು. ಕಾಕಾ ಸಂಜೆಯ ಹಿಟ್ಟು ಕಲಸುತ್ತ, ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದ. ಅಲ್ಲಿ ಆಗ ಬೆಳಗು. ರಾತ್ರಿ ಪಾಳಿ ಮುಗಿಸಿ ಬಂದ ಸಿಸ್ಟರಕ್ಕ ಕೋಟು ಸಹ ಬಿಚ್ಚದೆ ಕುಳಿತು ಏನೋ ಕಡಿಯುತ್ತಿರುತ್ತಿದ್ದಳು. ಇವತ್ತೂ ಬ್ರೆಡ್ಡೇನು ಅಂತ ಕಾಕಾ ಕೇಳುವುದು, ಹೂಂ ಅಂತ ಆಕೆ ಅನ್ನುವುದು, ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿರುವುದು... ನಾನು ಆ ಸುಮ್ಮನಿರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಿಮಿಕ್ರಿ ಮಾಡುತ್ತಿದ್ದೆ.

ಫ್ಯಾಮಿಲಿ ವೀಸಾದ ಅರ್ಜಿ ತುಂಬಿಸಲು ಸಿಂಧನೂರಿನ ಆನ್‌ಲೈನ್ ಸೆಂಟರಿಗೆ ಹೋದಾಗ ಕಾಕಾನ ಜೊತೆ ನಾನೂ ಇದ್ದೆ. ಮದುವೆ ನೋಂದಣಿ, ಮಗಳ ಜನನ ಪ್ರಮಾಣಪತ್ರ, ಕ್ಷಯ ಇಲ್ಲವೆಂಬ ಚೀಟಿ, ಎಲ್ಲವನ್ನೂ ಕಾಕಾ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಒಯ್ದಿದ್ದ. ಅರ್ಧ ಕಾಗದಕ್ಕೆ ಅರಿಶಿನ ಹತ್ತಿತ್ತು. ಸೆಂಟರಿನ ಭಾಯಿ ಪರದೆ ನೋಡುತ್ತ, “ಕಾಕಾ, ಇಲ್ಲಿ ಬೀವಿ ನಿಮ್ಮನ್ನ ಕರಸ್ಕೊಳ್ಳಾವ್ರು. ನೀವು ಡಿಪೆಂಡೆಂಟ್. ಅಂದ್ರ ಆಕಿ ಮ್ಯಾಲ ಅವಲಂಬಿತ. ಹಂಗ ಬರೀಲ್ಯಾ?” ಅಂದ. ಹೇಳಲು ಅವನಿಗೇ ಸಂಕೋಚ. ಕಾಕಾ ಮಾತ್ರ, ಇದ್ದದ್ದನ್ನು ಬರೆಯಲು ಏನಡ್ಡಿ ಅಂದುಬಿಟ್ಟ.

ಅಷ್ಟಕ್ಕೇ ಮುಗಿಯುತ್ತಿತ್ತು, ನಾನೊಬ್ಬ ಇರದಿದ್ದರೆ. ಅವತ್ತೇ ಸಂಜೆ ಸಾವ್ಕಾರರ ಕಟ್ಟೆಯ ಮೇಲೆ ಭಾಯಿಯ ದನಿ ಒಂದು, ಕಾಕಾನ ದನಿ ಒಂದು ಮಾಡಿ ಇಡೀ ಪ್ರಸಂಗ ಆಡಿ ತೋರಿಸಿದೆ. ಸಾವ್ಕಾರರು ನಕ್ಕು ನಕ್ಕು ಬಾಯಲ್ಲಿದ್ದ ಎಲೆಯಡಿಕೆಯನ್ನೆಲ್ಲ ಯೂರಿಯಾ ಚೀಲದ ಮೇಲೆ ಉಗುಳಿಬಿಟ್ಟರು. ಮರುದಿನದಿಂದ ಅವರು ಕಾಕಾನನ್ನು ಕರೆಯುವುದೇ ಹಾಗೆ: “ಏನಪಾ ಡಿಪೆಂಡೆಂಟು, ನಾಕ್ ಮಿರ್ಚಿ ಕಳಸು.” ವಾರದೊಳಗೆ ಊರೇ ಕರೆಯತೊಡಗಿತು. ಕಾಕಾ ಎಲ್ಲರಿಗೂ ಮಿರ್ಚಿ ಕೊಡುತ್ತಿದ್ದ, ಉತ್ತರ ಯಾರಿಗೂ ಕೊಡುತ್ತಿರಲಿಲ್ಲ.

ಇನ್ನು ಬೆರಳಿನ ವಿಷಯ. ವೀಸಾಕ್ಕೆ ಹೈದರಾಬಾದಿಗೆ ಹೋಗಿ ಹತ್ತೂ ಬೆರಳಿನ ಅಚ್ಚು ಕೊಡಬೇಕು. ಕಾಕಾನ ಬೆರಳೋ, ಇಪ್ಪತ್ತು ವರ್ಷ ಎಣ್ಣೆಯ ಅಂಚಿನ ತನಕ ಹೋಗಿ ಮಿರ್ಚಿ ಬಿಟ್ಟು ಬಿಟ್ಟು ಹೊಳೆಯ ಕಲ್ಲಿನಷ್ಟು ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಮಷೀನು ಅವನ ಹೆಬ್ಬೆಟ್ಟನ್ನು ಎಂದೂ ಒಪ್ಪಿದ್ದಿಲ್ಲ. ಸಿಸ್ಟರಕ್ಕನಿಗೆ ಇದು ಗೊತ್ತಿತ್ತು. ಒಂದು ತಿಂಗಳು ಒಲೆ ಮುಟ್ಟಕೂಡದು, ದಿನಾ ಕೊಬ್ಬರಿ ಎಣ್ಣೆ ಹಚ್ಚಬೇಕು ಅಂತ ಫೋನಿನಲ್ಲಿ ಆಣೆ ಹಾಕಿಸಿಕೊಂಡಿದ್ದಳು. ಕಾಕಾ ಆಣೆ ಹಾಕಿದ, ಫೋನು ಇಟ್ಟ, ಬಾಣಲಿ ಇಟ್ಟ. ಈಗ ಹುಡುಗರು ಕರಿಯುತ್ತಾರೆ ಅಂತ ಆಕೆಗೆ ದಿನಾ ಸುಳ್ಳು.

ಆ ಸುಳ್ಳು ನನಗೆ ಗೊತ್ತಿತ್ತು ನೋಡಿ, ಅಲ್ಲೇ ನನ್ನ ಬುದ್ಧಿ ಕೆಟ್ಟದ್ದು. ಹೈದರಾಬಾದಿಗೆ ಮೂರು ದಿನ ಇತ್ತು. ಕಾಕಾ ಬಗ್ಗಿ ಮಿರ್ಚಿ ಬಿಡುತ್ತಿದ್ದ. ನಾನು ಹಿಂದಿನಿಂದ ಹೋಗಿ, ಥೇಟು ಸಿಸ್ಟರಕ್ಕನ ದನಿಯಲ್ಲಿ, “ಏನ್ರೀ, ಇದನ ಏನು ನೀವು ಒಲಿ ಬಿಟ್ಟಿದ್ದು?” ಅಂದೆ.

ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ತೆಗೆದಿಲ್ಲ. ಕಾಕಾ ಬೆಚ್ಚಿದ. ಬಲಗೈಯ ನಾಲ್ಕು ಬೆರಳು ಎಣ್ಣೆಯೊಳಗೆ ಹೋಗಿ ಬಂದವು.

ಮಗಳು ಓಡಿಹೋಗಿ ನೀರು ತಂದಳು. ನಾನು ನಿಂತಲ್ಲೇ ನಿಂತಿದ್ದೆ. ಕಾಕಾ ಬೈಯಲಿಲ್ಲ. ಬೈದರೆ ಅದನ್ನೂ ಕಲಿತು ಬೇರೆ ಕಡೆ ಮಾಡಿ ತೋರಿಸುತ್ತಾನೆ ಅಂದುಕೊಂಡನೋ ಏನೋ...

ಹೈದರಾಬಾದಿನಲ್ಲಿ ಮಗಳ ಬೆರಳಚ್ಚು ಆಯಿತು. ಅಪ್ಪನ ಬೊಬ್ಬೆ ನೋಡಿ, ವಾಸಿಯಾದ ಮೇಲೆ ಬನ್ನಿ ಅಂತ ಒಂದೂವರೆ ತಿಂಗಳು ಮುಂದಿನ ದಿನ ಕೊಟ್ಟು ಕಳಿಸಿದರು. ಅದೂ ತಪ್ಪಿದರೆ ಆ ಅರ್ಜಿ ಹೋದಂತೆ, ಮತ್ತೆ ಮೊದಲಿಂದ. ಸಿಸ್ಟರಕ್ಕ ಅಲ್ಲಿ ಮೂವರಿಗೆಂದು ಮನೆ ಹಿಡಿದಿದ್ದಳು, ಮಗಳಿಗೆ ಶಾಲೆ ಗೊತ್ತು ಮಾಡಿದ್ದಳು.

ಮರುದಿನ ಮೂರು ಗಂಟೆಗೆ ಕಾಕಾ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಹುಟ್ಟಿದ ಮೇಲೆ ಮೊದಲ ಸಲ ನನ್ನ ಸ್ವಂತ ದನಿಯಲ್ಲಿ ಹಲೋ ಅಂದೆ. ಅದು ಬಹಳ ಸಣ್ಣದಿತ್ತು. ಸಿಸ್ಟರಕ್ಕ ಕೂಗಾಡಲಿಲ್ಲ. ಆಸ್ಪತ್ರೆಯ ದನಿಯಲ್ಲೇ ಹೇಳಿದಳು: “ನನ್ನ ದನಿ ಚಲೋ ಬರತೈತಂತಲ್ಲ ತಮ್ಮಾ. ಇವತ್ತಿಂದ ಒಲಿ ಮುಂದ ನೀ ನಿಂದ್ರು. ಅವರು ಹತ್ರ ಬಂದ್ರ ನನ್ನ ದನೀಲೆ ಬೈದು ಕಳಸು. ನಾ ಅಲ್ಲಿಲ್ಲ, ನೀನ ನಾ.”

ಹೀಗೆ ನಾನು ಮಿರ್ಚಿ ಕಾಕಾ ಆದೆ. ಹೆಗಲಿಗೆ ಟವೆಲ್ಲು, ಬಸ್ಸು ಬಂದ ಕೂಡಲೇ ಕೂಗು, ಸೌಟಿನಿಂದ ಬಾಣಲಿಯ ಅಂಚಿಗೆ ಎರಡು ಪೆಟ್ಟು, ಎಲ್ಲ ಅವನದೇ. ಮಿರ್ಚಿ ಮಾತ್ರ ಒಳಗೆ ಹಸಿ, ಹೊರಗೆ ಕರಕಲು. ಮುಕ್ಕುಂದದ ಒಬ್ಬ ಮುದುಕ ಅರ್ಧ ಕಡಿದು ಪ್ಲೇಟು ವಾಪಸ್ಸು ಇಟ್ಟು, “ದನಿ ಅವಂದೈತಿ, ಮಿರ್ಚಿ ನಿಂದೈತಿ” ಅಂದು ಬಸ್ ಹತ್ತಿದ. ಕಡೆಗೆ ಹಿಟ್ಟಿನ ಹದ ಕಾಕಾನ ಮಗಳೇ ಶಾಲೆಯಿಂದ ಬಂದು ಹೇಳಿಕೊಡಬೇಕಾಯಿತು.

ಕಾಕಾ ಕಟ್ಟೆಯ ಮೇಲೆ, ಎರಡೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅರಿಶಿನ ಹಚ್ಚಿಸಿಕೊಂಡ ಮದುಮಗನಂತೆ ಕುಳಿತಿರುತ್ತಿದ್ದ. ನನ್ನ ಮಿರ್ಚಿ ಸೀಯುವುದು ನೋಡಲಾಗದೆ ಎದ್ದು ಬರುತ್ತಿದ್ದ. ನಾನು ಸಿಸ್ಟರಕ್ಕನ ದನಿ ತೆಗೆಯುತ್ತಿದ್ದೆ. ಹಾಗೇ ತಿರುಗಿ ಹೋಗಿ ಕೂರುತ್ತಿದ್ದ. ಒಮ್ಮೆ ಸಾಕಾಗಿ, “ಅಲ್ಲಿಗೆ ಹೋದ್ರ ಒಬ್ಬಾಕಿ ಇರತಾಳ. ಇಲ್ಲಿ ಇಬ್ಬರಾಗ್ಯಾರ” ಅಂದ.

ಬೆರಳು ವಾಸಿಯಾಗುವುದನ್ನು ಲೆಕ್ಕ ಇಟ್ಟವಳು ಮಗಳು. ಬೊಬ್ಬೆ ಒಣಗಿದ ಮೇಲೆ, ಸಾವ್ಕಾರರ ಅಂಗಡಿಯಲ್ಲಿ ರೈತರ ಹೆಬ್ಬೆಟ್ಟು ಒತ್ತಿಸುವ ಮಸಿಪ್ಯಾಡು ಇಸಿದುಕೊಂಡು, ತನ್ನ ಕಾಪಿ ನೋಟ್‌ಬುಕ್ಕಿನಲ್ಲಿ ದಿನಾ ಅಪ್ಪನ ಹತ್ತೂ ಬೆರಳು ಒತ್ತಿಸಿದಳು. ಒಂದು ಪುಟಕ್ಕೆ ಒಂದು ದಿನ. ಮೊದಲ ಪುಟಗಳಲ್ಲಿ ಬರೀ ಕರಿ ಗುಂಡು, ನೇರಳೆ ಹಣ್ಣು ಉಜ್ಜಿದ ಹಾಗೆ. ಸಾವ್ಕಾರರು ಕನ್ನಡಕ ಏರಿಸಿ ನೋಡಿ, ಈ ಡಿಪೆಂಡೆಂಟಿಗೆ ಗುರುತೇ ಇಲ್ಲ ಅನ್ನುತ್ತಿದ್ದರು. ಅನ್ನುತ್ತಿದ್ದರು, ಆದರೆ ಪ್ಯಾಡಿಗೆ ಹೊಸ ಮಸಿ ಅವರೇ ಹಾಕಿಸುತ್ತಿದ್ದರು. ಒಂದು ದಿನ ಎಡಗೈಯ ಕಿರುಬೆರಳಿನಲ್ಲಿ ಎರಡು ಗೆರೆ ಕಂಡವು. ಅವತ್ತು ಕಟ್ಟೆಯ ಮೇಲಿದ್ದವರೆಲ್ಲ ನೋಟ್‌ಬುಕ್ಕಿಗೆ ಮುಗಿಬಿದ್ದರು, ಸಿಂಧನೂರು ಬಸ್ಸಿನ ಕಂಡಕ್ಟರನೂ ಇಳಿದು ಬಂದು ನೋಡಿ ಹೋದ. ಆಮೇಲೆ ಒಂದೊಂದೇ ಬೆರಳು. ಸುಟ್ಟ ನಾಲ್ಕರಲ್ಲಂತೂ ಹೊಸ ಚರ್ಮ ಬಂದು, ಗೆರೆಗಳು ನಾಟಿ ಮಾಡಿದ ಗದ್ದೆಯ ಸಾಲಿನಂತೆ ಎದ್ದು ನಿಂತವು.

ಎರಡನೆಯ ಸಲ ಹೈದರಾಬಾದಿಗೆ ನಾನೂ ಹೋದೆ. ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ ಬಿಸಿಲಲ್ಲಿ ನಿಂತು, ಇದ್ದ ದೇವರನ್ನೆಲ್ಲ ಅವರವರ ಪೂಜಾರಿಯ ದನಿಯಲ್ಲೇ ಬೇಡಿಕೊಂಡೆ. ತಾಸು ಕಳೆದ ಮೇಲೆ ಗಾಜಿನ ಬಾಗಿಲು ತೆರೆಯಿತು. ಕಾಕಾ ಎರಡೂ ಕೈ ಮೇಲೆತ್ತಿ, ಹತ್ತೂ ಬೆರಳು ಅಗಲಿಸಿಕೊಂಡು, ಪೊಲೀಸರಿಗೆ ಶರಣಾದ ಕಳ್ಳನ ಹಾಗೆ ಹೊರಬಂದ.

“ಹತ್ತೂ ಬಿದ್ವು ಲೇ,” ಅಂದ.

ಕಾವಲಿನವನು ಬೇಡ ಬೇಡ ಅಂದರೂ ಅಲ್ಲೇ ಅವನನ್ನು ಎತ್ತಿ ಎರಡು ಸುತ್ತು ತಿರುಗಿಸಿದೆ. ಬಸ್ಸಿನಲ್ಲಿ ಬರುವಾಗ, ನಾನು ಸುಟ್ಟದ್ದಕ್ಕೇ ಅಲ್ಲವೇ ಹೊಸ ಚರ್ಮ ಬಂದದ್ದು, ನನಗೊಂದು ಥ್ಯಾಂಕ್ಸ್ ಬರಬೇಕು ಅಂದೆ. ಕಾಕಾ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಹಿಂದಿನ ಸೀಟಿಗೆ ಹೋಗಿ ಕುಳಿತ.

ಕೆಲ ವಾರಕ್ಕೆ ಪಾಸ್‌ಪೋರ್ಟುಗಳು ಬಂದವು. ಇಬ್ಬರದೂ ವೀಸಾ ಆಗಿತ್ತು. ಮಂದಿ ಪೇಡೆ ಹಂಚುತ್ತಾರೆ, ಕಾಕಾ ಬಾಣಲಿ ಇಟ್ಟ. ಬೆರಳಿನ ಕೆಲಸ ಮುಗಿದಿತ್ತು, ಇನ್ನು ಯಾರ ದನಿಗೂ ಅವನು ಬಗ್ಗುವವನಲ್ಲ. ನಾನು ಸಿಸ್ಟರಕ್ಕನ ದನಿ ತೆಗೆದು ನೋಡಿದೆ, ತಿರುಗಿ ಸಹ ನೋಡಲಿಲ್ಲ. ಬಸ್ಸುಗಳು ನಿಂತವು, ಡ್ರೈವರುಗಳು ಇಳಿದರು, ಲಿಂಗಸೂಗೂರಿಗೆ ಹೋಗುವವರಿಗೂ ಅವತ್ತು ಎರಡು ಪ್ಲೇಟು. ಅದೇ ಗದ್ದಲದಲ್ಲಿ ಸಾವ್ಕಾರರು ನಾಲ್ಕನೇ ಮಿರ್ಚಿ ಕಡಿಯುತ್ತ, ಎಲ್ಲರಿಗೂ ಕೇಳುವಂತೆ ಒಂದು ಮಾತು ಎಸೆದರು: “ಅಲ್ಲಪಾ ಡಿಪೆಂಡೆಂಟು, ಅಲ್ಲಿ ಹೋಗಿ ಏನ್ ಮಾಡ್ತಿ? ಹೇಂತಿ ದುಡದಿದ್ದು ತಿಂದು ಕುಂದ್ರಾವೇನು?”

ಕೆಲವರು ನಕ್ಕರು. ನಾನೂ ನಗಲು ಬಾಯಿ ತೆರೆದಿದ್ದೆ. ಆಗ ಕಾಕಾ ಉತ್ತರ ಕೊಟ್ಟ, ಇಷ್ಟು ದಿನದ ಮೇಲೆ, ಒಂದೇ ಸಲ. ಅದಾದ ಮೇಲೆ ನಮ್ಮೂರಲ್ಲಿ ಯಾರೂ ಅವನನ್ನು ಡಿಪೆಂಡೆಂಟು ಅನ್ನಲಿಲ್ಲ. ತೆರೆದ ನನ್ನ ಬಾಯಿಯೂ ಮುಚ್ಚಿತು.

ಹೋದರು. ಬಂಡಿ ಮಾರಿಯೇ ಹೋದರು. ಆ ಜಾಗದಲ್ಲಿ ಈಗ ಕಬ್ಬಿನ ಹಾಲಿನ ಮಷೀನು ಗಿರಗುಡುತ್ತದೆ. ಮಗಳು ಹೋಗುವಾಗ ನೋಟ್‌ಬುಕ್ಕು ನನಗೆ ಕೊಟ್ಟುಹೋದಳು, ಆಗಾಗ ತೆಗೆದು ಮೊದಲ ಪುಟದಿಂದ ಕೊನೆಯ ಪುಟಕ್ಕೆ ಬರುತ್ತೇನೆ. ಫೋನಿನಲ್ಲಿ ಕಾಕಾ ಈಗಲೂ ಸಿಗುತ್ತಾನೆ. ಚೆನ್ನಾಗಿದ್ದಾನೆ, ಮೈ ಕೈ ತುಂಬಿಕೊಂಡಿದ್ದಾನೆ. ಆದರೆ ಬಹಳ ಮೆಲ್ಲಗೆ ಮಾತಾಡುತ್ತಾನೆ. ಅಲ್ಲಿ ಗೋಡೆ ತೆಳ್ಳಗಂತೆ, ಪಕ್ಕದ ಮನೆಯವರಿಗೆ ಕೇಳುತ್ತದಂತೆ. ಎರಡು ಬಸ್ಸಿನ ಹಾರ್ನು ಮೀರಿಸಿ ಕೂಗುತ್ತಿದ್ದ ಆ ದನಿ ಅವನ ಹತ್ತಿರವೇ ಇಲ್ಲ ಈಗ. ನನ್ನ ಹತ್ತಿರ ಇರುವುದೂ ಪೂರಾ ಅವನದೋ, ಅರ್ಧ ನನ್ನದೋ... ಕೇಳಿ ಸರಿನೋಡಲು ಅಸಲು ದನಿ ಇಲ್ಲ.

ಸಿಂಧನೂರಿನಿಂದ ಮೊನ್ನೆ ವಾಪಸ್ಸು ಬಂದು ಕಟ್ಟೆಯ ಮೇಲೆ ಕುಳಿತಿದ್ದೆ. ಸಾವ್ಕಾರರು ಕಬ್ಬಿನ ಮಷೀನನ್ನು ನೋಡುತ್ತಿದ್ದವರು, ನನ್ನ ಕಡೆ ತಿರುಗದೆಯೇ, “ಲೇ, ಅವತ್ತ ಅವ ನನಗಂದಿದ್ನಲ್ಲ, ಅದನ್ನ ಅವನ ದನೀಲೆ ಒಮ್ಮಿ ಹೇಳು” ಅಂದರು.

ಟವೆಲ್ಲು ಹೆಗಲಿಗೆ ಹಾಕಿಕೊಂಡೆ. ಇಲ್ಲದ ಬಾಣಲಿಯ ಅಂಚಿಗೆ ಎರಡು ಪೆಟ್ಟು ಹೊಡೆದು, ಹೇಳಿದೆ:

“ಇಪ್ಪತ್ತು ವರ್ಷ ಈ ಊರಿಗೆಲ್ಲಾ ಬಿಸೀದು ಹಾಕೀನ್ರೀ ಸಾವ್ಕಾರ್ರ. ಆಕಿ ಒಬ್ಬಾಕಿ ತಣ್ಣಂದು ತಿನ್ನಾಕತ್ತಾಳ.”